ನಮ್ಮ ಹಾಸಿಗೆಯ ಕಂಬಳಿ: ಹೋದದ್ದು ಹೇಗೆ, ಬರುವುದು ಹೇಗೆ

ಇಂದು ಬಿತ್ತನೆಯ ಮಾತಿಲ್ಲ, ಗೊಬ್ಬರದ ಮಾತೂ ಇಲ್ಲ. ಹಗಲೆಲ್ಲ ದುಡಿದು ರಾತ್ರಿ ಮೈ ಚಾಚುತ್ತೀರಲ್ಲ, ಆ ಹಾಸಿಗೆಯ ಮಾತು. ಇದೇನು ವಿಸ್ತರಣಾಧಿಕಾರಿ ಹೊಲ ಬಿಟ್ಟು ಮಲಗುವ ಮನೆಗೆ ಬಂದ ಅಂತೀರಾ? ಸ್ವಲ್ಪ ತಾಳಿ. ಕಂಬಳಿಯ ನೂಲು ಹಿಡಿದುಕೊಂಡು ಹೋದರೆ ಅದು ನೇರವಾಗಿ ಹೊಲಕ್ಕೇ ಹೋಗಿ ಮುಟ್ಟುತ್ತದೆ.

ಮೊದಲು ನಮ್ಮ ಮನೆಯ ಸಂಗತಿ ಹೇಳಿಬಿಡುತ್ತೇನೆ. ನಮ್ಮದು ಯಲಹಂಕದ ಆಚೆಗಿನ ಒಂದು ಸಣ್ಣ ಹಳ್ಳಿ. ನಾನು ಚಿಕ್ಕವನಾಗಿದ್ದಾಗ ಮನೆಯಲ್ಲಿ ಮೂರು ಕರಿ ಕಂಬಳಿಗಳಿದ್ದವು. ಒಂದು ಅಜ್ಜನದು, ಒಂದು ಹಾಸುವುದಕ್ಕೆ, ಇನ್ನೊಂದು ಮಳೆಗಾಲದಲ್ಲಿ ಕೊಪ್ಪೆ ಹಾಕಿಕೊಂಡು ಹೊಲಕ್ಕೆ ಹೋಗುವುದಕ್ಕೆ. ಅಜ್ಜ ತೀರಿಕೊಂಡ ಮೇಲೆ ಪಾತ್ರೆ ಮಾರುವವನು ಬೀದಿಗೆ ಬಂದ. ಎರಡು ಕಂಬಳಿ ಕೊಟ್ಟು ಒಂದು ಸ್ಟೀಲ್ ಕೊಳಗ ತೆಗೆದುಕೊಂಡೆವು. ಮೂರನೆಯದು ಹರಿದಿತ್ತು, ಅವನು ಬೇಡ ಅಂದ. ಅದು ಕೊಟ್ಟಿಗೆ ಸೇರಿತು. ಮನೆಗೆ ಬಣ್ಣಬಣ್ಣದ ಹೂವಿನ ರಗ್ಗುಗಳು ಬಂದವು. ಹಗುರ, ನುಣುಪು, ಅಗ್ಗ. ನಾವೆಲ್ಲ ಸಂತೋಷಪಟ್ಟೆವು.

ಕೆಲವು ವರ್ಷಗಳ ಕೆಳಗೆ ಒಂದು ಚಳಿಯ ರಾತ್ರಿ ಸೊಳ್ಳೆಬತ್ತಿಯ ಕೆಂಡ ಆ ರಗ್ಗಿನ ಅಂಚಿಗೆ ತಗುಲಿತು. ರಗ್ಗು ಮೇಣದ ಹಾಗೆ ಕರಗಿ ಉರಿಯತೊಡಗಿತು. ಕರಗಿದ್ದು ನನ್ನ ಮಗಳ ಹಿಮ್ಮಡಿಗೆ ಅಂಟಿಕೊಂಡಿತು. ನಾನು ಗಾಬರಿಯಲ್ಲಿ ನೀರು ನೀರು ಅಂತ ಕೂಗುತ್ತಿದ್ದೆ. ನಮ್ಮ ತಾಯಿ ಕೊಟ್ಟಿಗೆಯಿಂದ ಆ ಹರಕು ಕಂಬಳಿಯನ್ನೇ ಎಳೆದು ತಂದು ಬೆಂಕಿಯ ಮೇಲೆ ಹಾಕಿ ಅದುಮಿದರು. ಬೆಂಕಿ ಆರಿತು. ಕಂಬಳಿ ಅಲ್ಲಲ್ಲಿ ಸೀದು ಕೂದಲು ಸುಟ್ಟ ವಾಸನೆ ಬಂತೇ ಹೊರತು ಹೊತ್ತಿಕೊಳ್ಳಲಿಲ್ಲ. ಮಗು ಉಳಿಯಿತು, ಗಾಯದ ಕಲೆಯೂ ಉಳಿಯಿತು. ಕೊಳಗಕ್ಕೆ ಕೊಟ್ಟ ಆ ಎರಡು ಕಂಬಳಿಗಳ ಬೆಲೆ ನನಗೆ ಆ ರಾತ್ರಿ ತಿಳಿಯಿತು. ಅಂದಿನಿಂದ ಈ ಕಂಬಳಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ವಿಚಾರಿಸತೊಡಗಿದೆ. ಅದನ್ನೇ ತಮ್ಮ ಮುಂದೆ ಇಡುತ್ತೇನೆ.

ಕಂಬಳಿ ಬಹಳ ಹಳೆಯ ವಸ್ತು. ಅಥರ್ವವೇದದಲ್ಲಿ ಕಂಬಲದ ಹೆಸರುಂಟು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ರಾಜನ ಬೊಕ್ಕಸಕ್ಕೆ ಬರುವ ಬೆಲೆಯುಳ್ಳ ಪದಾರ್ಥಗಳ ಸಾಲಿನಲ್ಲಿ, ಉಣ್ಣೆಯ ಕಂಬಳಿಗಳ ಬಗೆಗಳನ್ನು ಎಣಿಸಿ ಹೇಳಿದೆ. ನಮ್ಮ ನಾಡಿನಲ್ಲಿ ಕುರಿ ಕಾಯುವುದನ್ನೂ ಕಂಬಳಿ ನೇಯುವುದನ್ನೂ ಕುಲಕಸುಬಾಗಿ ಹಿಡಿದು ಬಂದವರು ಹಾಲುಮತದ ಕುರುಬರು. ಕನಕದಾಸರ ಪಟ ನೋಡಿ, ಹೆಗಲ ಮೇಲೆ ಕಂಬಳಿ ಇದ್ದೇ ಇರುತ್ತದೆ. ಮೈಲಾರಲಿಂಗನ ಗೊರವಯ್ಯಗಳು ತೊಡುವ ನಿಲುವಂಗಿ ಕರಿ ಕಂಬಳಿಯದು. ದೇವರ ಕಾರ್ಯಕ್ಕೆ ಕಂಬಳಿಯ ಗದ್ದುಗೆ ಹಾಸುವ ವಾಡಿಕೆ ಇಂದಿಗೂ ಉಂಟು. ಯಶವಂತಪುರದ ಮಗ್ಗುಲಿನಲ್ಲಿ ಕುರುಬರಹಳ್ಳಿ ಇದೆ. ಈಗ ಅಲ್ಲಿ ಮನೆಗೆ ಮನೆ ಅಂಟಿಕೊಂಡಿದೆ, ಕುರಿ ಕಾಣುವುದಿಲ್ಲ. ಹೆಸರು ಮಾತ್ರ ಹಳೆಯ ಕಥೆ ಹೇಳುತ್ತದೆ.

1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮರುವರ್ಷವೇ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಈ ಸೀಮೆಯ ಬೇಸಾಯ, ಕಸುಬುಗಳನ್ನು ನೋಡಿ ಬರೆಯಲು ಮದರಾಸಿನಿಂದ ಹೊರಟು ಬಂದ. ಊರೂರು ತಿರುಗಿದ. ಅವನ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಕುರುಬರು ಕುರಿ ಸಾಕಿ ಅದರ ಉಣ್ಣೆಯಿಂದ ಕಂಬಳಿ ನೇಯುವುದನ್ನು ಅವನು ಬರೆದಿಟ್ಟಿದ್ದಾನೆ. ಆಗ ಬಡವನಿಗೆ ಹಾಸಿಗೆ, ಹೊದಿಕೆ, ಮಳೆಯಂಗಿ, ಧಾನ್ಯ ಒಣಹಾಕುವ ಚಾಪೆ, ಎಲ್ಲವೂ ಒಂದೇ ಕಂಬಳಿ.

ಅದು ತಯಾರಾಗುತ್ತಿದ್ದ ಬಗೆಯನ್ನು ಕೇಳಿ. ಕುರಿಯ ಮೈ ತೊಳೆದು ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ. ನಮ್ಮ ದಖನಿ, ಬಳ್ಳಾರಿ ತಳಿಯ ಕುರಿಗೆ ಎರಡು ಕತ್ತರಿಕೆಯೂ ಸೇರಿ ಅರ್ಧ ಕಿಲೋ ಆಸುಪಾಸು ಉಣ್ಣೆ. ಎರಡು ಕಿಲೋ ತೂಗುವ ಒಂದು ಕಂಬಳಿಗೆ, ಕೊಳೆ ಕಸ ಕಳೆದ ಮೇಲೆ, ಐದಾರು ಕುರಿಗಳ ವರ್ಷದ ಉಣ್ಣೆ ಬೇಕಾಯಿತು. ಉಣ್ಣೆಯನ್ನು ಬಿಲ್ಲಿನಿಂದ ಎಕ್ಕಿ ಬಿಡಿಸುತ್ತಾರೆ. ಹೆಂಗಸರು ನೂಲುತ್ತಾರೆ. ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಕುಡಿಸಿ ಬಿಗಿ ಮಾಡುತ್ತಾರೆ. ಗಂಡಸರು ಗುಂಡಿಮಗ್ಗದಲ್ಲಿ ಕುಳಿತು ನೇಯುತ್ತಾರೆ. ಬಣ್ಣ ಹಾಕುವ ಗೋಜಿಲ್ಲ. ಕುರಿಯ ಬಣ್ಣವೇ ಕಂಬಳಿಯ ಬಣ್ಣ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿ ಈ ಕಸುಬಿಗೆ ಹೆಸರಾದ ಊರುಗಳು.

ಉಣ್ಣೆಯನ್ನು ನಯ ಮಾಡಬೇಕೆಂದು ಸರ್ಕಾರದವರೂ ಕೈಹಾಕಿದ್ದುಂಟು. 1834ರಿಂದ 1861ರವರೆಗೆ ಮೈಸೂರು ಸೀಮೆಯ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ಮೆರಿನೋ ಟಗರುಗಳನ್ನು ತರಿಸಿ ತಳಿ ಕೂಡಿಸಿ ನೋಡಿದರು. ಮೆರಿನೋ ಉಣ್ಣೆಯ ಎಳೆಗಿಂತ ನಮ್ಮ ದಖನಿಯ ಎಳೆ ಎರಡುಪಟ್ಟಿಗೂ ದಪ್ಪ. ಆದರೆ ಆ ಪ್ರಯತ್ನ ಊರೂರಿಗೆ ಹಬ್ಬಿ ನಿಲ್ಲಲಿಲ್ಲ. ಬಿಸಿಲು, ಕುರುಚಲು, ದೂರದ ನಡಿಗೆ ಇವನ್ನೆಲ್ಲ ತಡೆಯುವುದು ನಮ್ಮ ನಾಟಿ ಕುರಿಯೇ.

1884ರ ಜನವರಿ 13ರಂದು ಬೆಂಗಳೂರಿನಲ್ಲಿ 7.8 ಡಿಗ್ರಿ ಸೆಲ್ಸಿಯಸ್ ಚಳಿ ದಾಖಲಾಯಿತು. ನಮ್ಮ ಊರಿನ ಲೆಕ್ಕದಲ್ಲಿ ಅದಕ್ಕಿಂತ ಕಡಿಮೆ ಇಂದಿನವರೆಗೂ ಬಿದ್ದಿಲ್ಲ. ಅದೇ 1884ರಲ್ಲಿ ಬೆಂಗಳೂರಿನಲ್ಲಿ ಉಣ್ಣೆ, ಹತ್ತಿ, ರೇಷ್ಮೆಯ ಗಿರಣಿ ಹುಟ್ಟಿತು. ಮುಂದೆ ಜನ ಅದನ್ನು ಬಿನ್ನಿ ಮಿಲ್ಲು ಎಂದು ಕರೆದರು. ಗಿರಣಿ ಬಂದರೂ ಹಳ್ಳಿಯ ಕಂಬಳಿ ಒಮ್ಮೆಲೇ ಸಾಯಲಿಲ್ಲ. ಗಟ್ಟಿಮುಟ್ಟು ಕಂಬಳಿಗೆ ಹಳ್ಳಿಯಲ್ಲೂ ದಂಡಿನಲ್ಲೂ ಗಿರಾಕಿ ಇತ್ತು.

ಹಾಗಾದರೆ ಕಂಬಳಿಯನ್ನು ಓಡಿಸಿದ್ದು ಯಾವುದು? ದೂರದ ದೇಶಗಳ ಪ್ರಯೋಗಶಾಲೆಗಳಲ್ಲಿ ಹುಟ್ಟಿದ ನೂಲು. 1935ರಲ್ಲಿ ಅಮೆರಿಕಾದಲ್ಲಿ ನೈಲಾನ್, 1937ರಲ್ಲಿ ಜರ್ಮನಿಯಲ್ಲಿ ಇಂದಿನ ಸ್ಪಂಜು ಹಾಸಿಗೆಗೆ ಮೂಲವಾದ ಪಾಲಿಯುರಿಥೇನ್, 1941ರಲ್ಲಿ ಇಂಗ್ಲೆಂಡಿನಲ್ಲಿ ಪಾಲಿಯೆಸ್ಟರ್, 1950ರ ಹೊತ್ತಿಗೆ ಅಕ್ರಿಲಿಕ್. ಇವಕ್ಕೆಲ್ಲ ಮೂಲ ಕಲ್ಲೆಣ್ಣೆ, ಕಲ್ಲಿದ್ದಲು. 1980ರ ದಶಕದಿಂದೀಚೆಗೆ ಈ ನೂಲು ನಮ್ಮ ದೇಶದಲ್ಲಿಯೇ ರಾಶಿರಾಶಿಯಾಗಿ ತಯಾರಾಗಿ ಅಗ್ಗವಾಯಿತು. ಹರಿಯಾಣದ ಪಾಣಿಪತ್ತಿನಿಂದ ಲಾರಿಗಟ್ಟಲೆ ರಗ್ಗುಗಳು ಬಂದವು. ಸಂತೆಯಲ್ಲಿ ಕಂಬಳಿಯ ಪಕ್ಕದಲ್ಲೇ ರಗ್ಗು ಕೂತಿತು. ಬೆಲೆಯಲ್ಲಿ ಕಂಬಳಿ ಸೋತಿತು. ಅದಕ್ಕೆ ಇನ್ನೊಂದು ಸೇರಿತು, ನಾಚಿಕೆ. ಕಂಬಳಿ ಹೊದ್ದವನು ಹಳ್ಳಿಗಮಾರ, ರಗ್ಗು ಹೊದ್ದವನು ನಾಗರಿಕ ಅನ್ನೋ ಭಾವನೆ. ನಮ್ಮ ಮನೆಯಲ್ಲೂ ಇದ್ದದ್ದು ಅದೇ, ಸುಳ್ಳೇಕೆ ಹೇಳಲಿ?

ಇತ್ತ ಹೊಲದ ಕಡೆಯೂ ನೋಡಿ. ಮೊದಲು ಸುಗ್ಗಿಯಾದ ಮೇಲೆ ಕುರುಬರನ್ನು ಕರೆದು ಹೊಲದಲ್ಲಿ ಮಂದೆ ನಿಲ್ಲಿಸುತ್ತಿದ್ದೆವು. ರಾತ್ರಿಯೆಲ್ಲ ಕುರಿ ಮಲಗಿದ ನೆಲಕ್ಕೆ ಹಿಕ್ಕೆ, ಗಂಜಲ ಬಿದ್ದು ಮುಂದಿನ ರಾಗಿ ಹುಲುಸಾಗುತ್ತಿತ್ತು. ರೈತ ಕೊಟ್ಟದ್ದು ಕಾಳು, ಕುರುಬ ಕೊಟ್ಟದ್ದು ಗೊಬ್ಬರ ಮತ್ತು ಕಂಬಳಿ. ಆಮೇಲೆ ಗೋಮಾಳಗಳು ಕರಗಿದವು. ಹೆಬ್ಬಾಳದಿಂದ ಆಚೆಗೆ ಬಳ್ಳಾರಿ ರಸ್ತೆಯ ಉದ್ದಕ್ಕೂ ಬಡಾವಣೆಗಳೆದ್ದವು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲಂತೂ ಮಂದೆ ನಡೆಯುವ ದಾರಿಯೇ ಇಲ್ಲವಾಯಿತು. ಉಳಿದ ಕುರಿ ಸಾಕುವವರು ಮಾಂಸಕ್ಕೆಂದು ಉಣ್ಣೆ ಕಡಿಮೆಯಿರುವ ತಳಿಗಳ ಕಡೆ ತಿರುಗಿದರು. ಉಣ್ಣೆ ಕತ್ತರಿಸುವ ಕೂಲಿಯೇ ಉಣ್ಣೆಯ ಬೆಲೆಗಿಂತ ಹೆಚ್ಚಾಗಿ, ಎಷ್ಟೋ ಕಡೆ ಕತ್ತರಿಸಿದ ಉಣ್ಣೆಯನ್ನು ಬೇಲಿಯ ಮೇಲೆ ಎಸೆದು ಹೋಗುತ್ತಾರೆ. ಒಂದು ಕಡೆ ಉಣ್ಣೆ ಎಸೆಯುತ್ತೇವೆ, ಇನ್ನೊಂದು ಕಡೆ ಕಲ್ಲೆಣ್ಣೆಯ ರಗ್ಗು ಕೊಳ್ಳುತ್ತೇವೆ. ಇದು ಯಾವ ಜಾಣತನ, ನೀವೇ ಹೇಳಿ.

ಈಗ ಗುಣದ ಮಾತು. ಉಣ್ಣೆಯ ಎಳೆ ಸುರುಳಿಯಾಗಿರುತ್ತದೆ. ಆ ಸುರುಳಿಗಳ ನಡುವೆ ಗಾಳಿ ಅಲುಗದೆ ನಿಲ್ಲುತ್ತದೆ. ನಿಂತ ಗಾಳಿಯೇ ನಮ್ಮನ್ನು ಬೆಚ್ಚಗಿಡುವುದು. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವವನ್ನು ಒಳಗೆ ಎಳೆದುಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಪಾಲಿಯೆಸ್ಟರ್ ಎಳೆ ಗಾಳಿಯಿಂದ ಹೀರುವ ತೇವ ನೂರಕ್ಕೆ ಒಂದು ಪಾಲೂ ಇಲ್ಲ. ಅದಕ್ಕೇ ರಗ್ಗು ಹೊದ್ದರೆ ಮೊದಲು ಬೆವರು, ಆಮೇಲೆ ಜಿಗಟು, ಬೆಳಗಿನ ಜಾವ ಚಳಿ. ಬೆಂಕಿಯ ವಿಷಯ ಆಗಲೇ ಹೇಳಿದೆ. ಪಾಲಿಯೆಸ್ಟರ್ ಸುಮಾರು 260 ಡಿಗ್ರಿಗೆ ಕರಗಿ ಮೈಗೆ ಅಂಟುತ್ತದೆ. ಉಣ್ಣೆ ಹೊತ್ತಿಕೊಳ್ಳಲು 550 ಡಿಗ್ರಿಗೂ ಮೇಲಿನ ಕಾವು ಬೇಕು. ಉಣ್ಣೆ ಸುಡುವುದೇ ಇಲ್ಲ ಎಂದು ತಿಳಿಯಬೇಡಿ, ಸುಡುತ್ತದೆ. ಆದರೆ ನಿಧಾನ, ಮತ್ತು ಕರಗಿ ಅಂಟುವುದಿಲ್ಲ. ಎಂದಾದರೂ ಯಾರಿಗಾದರೂ ಕರಗಿದ ಬಟ್ಟೆ ಮೈಗೆ ಅಂಟಿದರೆ ಕೀಳಬೇಡಿ. ಕಾಲು ಗಂಟೆಯಾದರೂ ತಣ್ಣೀರು ಹರಿಸಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಕಂಬಳಿಯಲ್ಲಿ ದೋಷವೇ ಇಲ್ಲವೇ? ಉಂಟು. ಕಂಬಳಿಯಲ್ಲಿ ಕೂತು ಉಣ್ಣುವವನು ಕೂದಲು ಬಂತು ಅನ್ನಬಾರದು ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ. ನಾಟಿ ಕಂಬಳಿ ಚುಚ್ಚುತ್ತದೆ, ಭಾರ, ನುಸಿ ಹಿಡಿಯುತ್ತದೆ, ಕೈಮಗ್ಗದ್ದು ಬೆಲೆಯೂ ಹೆಚ್ಚು. ಪರಿಹಾರವೂ ಉಂಟು. ಮೈಗೆ ತಗಲುವಂತೆ ಒಂದು ಹತ್ತಿಯ ದುಪ್ಪಟಿ, ಅದರ ಮೇಲೆ ಕಂಬಳಿ. ಹೊಸದರ ಬಿರುಸಿಗೆ ಹುಣಸೆಗಂಜಿಯೂ ಒಂದು ಕಾರಣ; ಬಳಸುತ್ತ ಬಳಸುತ್ತ ಮೆತ್ತಗಾಗುತ್ತದೆ. ಎಳೆಗೂಸಿಗೆ ಮಾತ್ರ ಭಾರದ ಕಂಬಳಿ ಹೊದಿಸಬೇಡಿ. ಹದಿನೈದು ದಿನಕ್ಕೊಮ್ಮೆ ಬಿಸಿಲಿಗೆ ಹಾಕಿ ಕೊಡವಿ. ತೊಳೆಯುವುದು ಅಪರೂಪಕ್ಕೆ ಸಾಕು. ತಣ್ಣೀರು ಮತ್ತು ಅಂಟುವಾಳ ಬಳಸಿ; ಬಿಸಿನೀರು ಹಾಕಿದರೆ ಕುಗ್ಗುತ್ತದೆ, ಸೋಡಾ ಹಾಕಿದರೆ ಎಳೆಯೇ ಹಾಳು. ಹಿಂಡಬೇಡಿ, ಹರವಿ ಒಣಗಿಸಿ. ಮಡಿಸಿಡುವಾಗ ಒಣಗಿದ ಬೇವಿನೆಲೆ ಇಡಿ. ಆದರೆ ನುಸಿಗೆ ಬಿಸಿಲೇ ಮೊದಲ ಮದ್ದು ಎಂಬುದನ್ನು ಮರೆಯಬೇಡಿ.

ಕೊಳ್ಳುವಾಗ ಎಚ್ಚರ. ಉಣ್ಣೆ ಎಂದು ಹೇಳಿ ಬೆರಕೆ ಮಾರುವವರಿದ್ದಾರೆ. ಅಂಚಿನಿಂದ ಎರಡು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು, ಹೊರಗೆ ಬಯಲಿನಲ್ಲಿ ದೀಪಕ್ಕೆ ಹಿಡಿಯಿರಿ. ಕೂದಲು ಸುಟ್ಟ ವಾಸನೆ ಬಂದು, ಉಳಿದ ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಸಿಂಥೆಟಿಕ್. ಎರಡೂ ಕಂಡರೆ ಬೆರಕೆ. ಹಾಸಿನ ಎಳೆಯನ್ನೂ ಹೊಕ್ಕಿನ ಎಳೆಯನ್ನೂ ಬೇರೆಬೇರೆ ಪರೀಕ್ಷಿಸಿ.

ಮನೆಯ ರಗ್ಗುಗಳನ್ನೆಲ್ಲ ನಾಳೆಯೇ ಬಿಸಾಡಿ ಎಂದು ನಾನು ಹೇಳುವುದಿಲ್ಲ. ಹಣ ಕೊಟ್ಟು ತಂದದ್ದು ಅದು. ಮುಂದಿನ ಸಲ ಹೊದಿಕೆ ಕೊಳ್ಳುವ ಕಾಲ ಬಂದಾಗ ಒಂದು ಕಂಬಳಿ ತನ್ನಿ, ಸಾಧ್ಯವಾದರೆ ನೇಯುವವರ ಕೈಯಿಂದಲೇ. ಒಲೆಯ ಹತ್ತಿರ, ಸೊಳ್ಳೆಬತ್ತಿಯ ಹತ್ತಿರ ಮಲಗುವವರಿಗೆ ಮೊದಲು ಕೊಡಿ. ಕುರಿ ಇರುವವರು ಬಿಳಿ, ಕರಿ ಉಣ್ಣೆಯನ್ನು ಬೇರೆ ಮಾಡಿ, ಮುಳ್ಳು ತೆಗೆದು ಇಡಿ. ಹೆಬ್ಬಾಳದ ಪಶು ಭವನದಲ್ಲಿ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮದ ಕಚೇರಿ ಇದೆ, ಹೋಗಿ ವಿಚಾರಿಸಿ. 1899ರಲ್ಲಿ ಬೇಸಾಯದ ಪ್ರಯೋಗದ ತೋಟ ಶುರುವಾದ ಹೆಬ್ಬಾಳ ರೈತರಿಗೆ ಹೊಸ ಜಾಗವಲ್ಲ, ಸಂಕೋಚ ಬೇಡ. ಮಾರಾಟವಾಗದ ಉಣ್ಣೆಯನ್ನೂ ಹರಕು ಕಂಬಳಿಯನ್ನೂ ತುಂಡು ಮಾಡಿ ತಿಪ್ಪೆಗೆ ಹಾಕಿ. ಉಣ್ಣೆಯಲ್ಲಿ ಸಾರಜನಕ ನೂರಕ್ಕೆ ಸುಮಾರು 16 ಪಾಲು ಉಂಟು, ನಿಧಾನವಾಗಿ ಕರಗಿ ಮಣ್ಣಿಗೆ ಸೇರುತ್ತದೆ. ರಗ್ಗನ್ನು ಹೂತು ನೋಡಿ, ಮೊಮ್ಮಕ್ಕಳು ಉಳುವಾಗಲೂ ನೇಗಿಲಿಗೆ ಸಿಕ್ಕುತ್ತದೆ.

ನಮ್ಮ ಮನೆಗೆ ಈಗ ಎರಡು ಕಂಬಳಿ ಬಂದಿವೆ. ಹರಕು ಕಂಬಳಿಯನ್ನು ತಾಯಿ ಕೊಟ್ಟಿಗೆಗೆ ಮರಳಿ ಕಳಿಸಲಿಲ್ಲ. ಮಡಿಸಿ ಅಡಿಗೆಮನೆಯ ಬಾಗಿಲ ಹಿಂದೆ ಇಟ್ಟಿದ್ದಾರೆ. ಪಾತ್ರೆಯವನು ಮತ್ತೆ ಬಂದು ಕೇಳಿದ. ಕೊಡಲಿಲ್ಲ.