ಮೇವಿನಲ್ಲಿ ಬೆರೆತ ಮದ್ದು

ಬಹಮನೀ ಸುಲ್ತಾನರ ರಾಜಧಾನಿಯಾಗಿ ಬೀದರವು ತನ್ನ ವೈಭವದ ಶಿಖರದಲ್ಲಿದ್ದಾಗ, ಅವರ ಮಂತ್ರಿ ಮಹಮೂದ್ ಗವಾನನ ಮದರಸವು 1472ರಲ್ಲಿ ಎದ್ದು ನಿಂತ ಹೊತ್ತಿನ ಆಸುಪಾಸಿನಲ್ಲಿ, ರಷ್ಯಾದೇಶದ ಅಫನಾಸಿ ನಿಕಿತಿನ್ ಎಂಬ ವರ್ತಕನು ಒಂದು ಕುದುರೆಯನ್ನು ಮಾರುವ ಆಸೆಯಿಂದ ಈ ನಗರಕ್ಕೆ ಬಂದು, ತಾನು ಕಂಡ ಜನರ ಆಚಾರ ಆಹಾರಗಳನ್ನು ಬರೆದಿಟ್ಟಿದ್ದಾನೆ. ಇಲ್ಲಿನ ಹಿಂದೂಗಳಲ್ಲಿ ಕೆಲವರು ಕುರಿ, ಕೋಳಿ, ಮೀನು, ಮೊಟ್ಟೆಗಳನ್ನು ತಿನ್ನುವರೆಂದೂ ಗೋಮಾಂಸವನ್ನು ಮಾತ್ರ ಯಾರೂ ತಿನ್ನರೆಂದೂ ಅವನು ಹೇಳುತ್ತಾನೆ. ಅರಮನೆ, ಆನೆ, ಮೆರವಣಿಗೆಗಳ ವರ್ಣನೆಯ ನಡುವೆ ಕೋಳಿಗೆ ದೊರೆತ ಈ ಸಣ್ಣ ಜಾಗವು ಚರಿತ್ರಕಾರರ ಗಮನವನ್ನು ಸೆಳೆಯುವಂಥದ್ದಲ್ಲ. ಆದರೂ ಈ ಪ್ರಾಂತದಲ್ಲಿ ಮನುಷ್ಯನಿಗೂ ಕೋಳಿಗೂ ಇದ್ದ ಸಹವಾಸವು ಎಷ್ಟು ಹಳೆಯದೆಂಬುದಕ್ಕೆ ಅದು ಒಂದು ಸಾಕ್ಷ್ಯ.

ಆ ಸಹವಾಸದ ರೀತಿ ಮುಂದಿನ ನಾಲ್ಕೈದು ನೂರು ವರ್ಷಗಳಲ್ಲಿ ಹೆಚ್ಚಾಗಿ ಬದಲಾಗಲಿಲ್ಲ. ಈಗ ಬೀದರ ನಗರದೊಳಗೆ ಸೇರಿಹೋಗಿರುವ ಚಿದ್ರಿಯಲ್ಲಿ ಆಗಲಿ, ಭಾಲ್ಕಿ ಔರಾದ ತಾಲೂಕುಗಳ ಹಳ್ಳಿಗಳಲ್ಲಿ ಆಗಲಿ, ಕೋಳಿಯೆಂದರೆ ಜವಾರಿ ಕೋಳಿ. ಹಗಲೆಲ್ಲ ತಿಪ್ಪೆ ಕೆದರಿ, ಕಣದಲ್ಲಿ ಚೆಲ್ಲಿದ ಜೋಳ ಆಯ್ದು, ಸಂಜೆಗೆ ಬುಟ್ಟಿಯಡಿ ಸೇರುವ ಪ್ರಾಣಿ. ವರ್ಷಕ್ಕೆ 50ರಿಂದ 80 ಮೊಟ್ಟೆ ಇಟ್ಟರೆ ಅದೇ ಹೆಚ್ಚು. ಅದರ ಹಣವು ಬಹುತೇಕ ಮನೆಯ ಹೆಂಗಸಿನದು. ಅವಳಿಗೆ ಎಣ್ಣೆಗೋ ಬಳೆಗೋ ಅಷ್ಟಿಷ್ಟು ಸ್ವಾತಂತ್ರ್ಯವನ್ನು ಆ ಕೋಳಿ ಒದಗಿಸುತ್ತಿತ್ತು. ಬೇನೆ ಬಂದರೆ ಇಡೀ ಕೇರಿಯ ಕೋಳಿಗಳು ಎರಡು ದಿನದಲ್ಲಿ ಕುತ್ತಿಗೆ ತಿರುಚಿಕೊಂಡು ಸಾಯುತ್ತಿದ್ದವು. ಕೊಕ್ಕರೆ ರೋಗವೆಂದು ನಮ್ಮವರು ಕರೆಯುವ ಆ ವ್ಯಾಧಿಯನ್ನು 1927ರಲ್ಲಿ ಹಿಮಾಲಯದ ರಾಣಿಖೇತದಲ್ಲಿ ಗುರುತಿಸಿದ ಕಾರಣ ಅದಕ್ಕೆ ಈ ದೇಶದಲ್ಲಿ ಆ ಊರಿನ ಹೆಸರೇ ನಿಂತಿತು. ಅದನ್ನು ತಡೆಯುವ ಲಸಿಕೆಯೂ ಕುಮಾವೂಂ ಬೆಟ್ಟಗಳ ಮುಕ್ತೇಶ್ವರದ ಪ್ರಯೋಗಶಾಲೆಯಿಂದಲೇ ಬಂದಿತು. ಈ ರೋಗವು ವೈರಾಣುವಿನದು, ಬ್ಯಾಕ್ಟೀರಿಯಾದ್ದಲ್ಲ, ಆದುದರಿಂದ ಯಾವ ಆಂಟಿಬಯೋಟಿಕ್ ಔಷಧಕ್ಕೂ ಅದು ಬಗ್ಗುವುದಿಲ್ಲ ಎಂಬ ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬೇಕು. ಏಕೆಂದರೆ ಮುಂದೆ ಕೋಳಿ ತೂಕಡಿಸಿದೊಡನೆ ನೀರಿನಲ್ಲಿ ಪುಡಿ ಕಲಸುವ ರೂಢಿಯು ಈ ಭೇದವನ್ನು ಮರೆತುದರಿಂದಲೇ ಅಷ್ಟು ಬಲವಾಗಿ ಬೇರೂರಿತು.

ರೋಗಿಗೆ ಅಳೆದು ಕೊಡಬೇಕಾದ ಮದ್ದು ಆರೋಗ್ಯವಂತ ಪ್ರಾಣಿಯ ಮೇವಿಗೆ ಬೆರೆಯಲು ಹೊರಟದ್ದು ಹೇಗೆ ಎಂಬುದೇ ಈ ಚರಿತ್ರೆಯ ತಿರುಳು. ಅದರ ಆರಂಭವು ಅಮೆರಿಕದಲ್ಲಾಯಿತಾದರೂ, ನಮ್ಮ ನೆರೆಯ ತೆಲುಗುನಾಡಿನ ಒಬ್ಬ ಮಹಾನುಭಾವನ ನೆರಳು ಅದರ ಮೇಲಿದೆ. ಭೀಮವರದಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರು ನ್ಯೂಯಾರ್ಕಿನ ಸಮೀಪದ ಲೆಡರ್ಲೆ ಸಂಸ್ಥೆಯ ಸಂಶೋಧನಾ ನಿರ್ದೇಶಕರಾಗಿದ್ದಾಗ, ಅವರ ಆಶ್ರಯದಲ್ಲಿ ದುಡಿಯುತ್ತಿದ್ದ ವೃದ್ಧ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಡಗ್ಗರ್ ಎಂಬವರು ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಹೊನ್ನಿನ ಬಣ್ಣದ ಆರಿಯೋಮೈಸಿನ್ ಎಂಬ ಔಷಧವನ್ನು ಪಡೆದರು; ಟೆಟ್ರಾಸೈಕ್ಲಿನ್ ಕುಲದ ಮೊದಲ ಮದ್ದು ಅದೇ. ಅದು ಲೋಕಕ್ಕೆ ಪ್ರಕಟವಾದ 1948ರಲ್ಲಿಯೇ ಸುಬ್ಬರಾಯರು ತೀರಿಕೊಂಡರು. ಅದೇ ವರ್ಷದ ಕೊನೆಯಲ್ಲಿ, ಅದೇ ಸಂಸ್ಥೆಯ ಥಾಮಸ್ ಜೂಕ್ಸ್, ರಾಬರ್ಟ್ ಸ್ಟಾಕ್‌ಸ್ಟಾಡ್ ಎಂಬಿಬ್ಬರು, ಔಷಧ ತೆಗೆದ ಮೇಲೆ ಉಳಿದ ಗಷ್ಟನ್ನು ಬಿ12 ಜೀವಸತ್ತ್ವಕ್ಕಾಗಿ ಕೋಳಿಮರಿಗಳಿಗೆ ತಿನ್ನಿಸಿ ನೋಡಿದಾಗ, ಮರಿಗಳು ನಿರೀಕ್ಷೆಗೆ ಮೀರಿ ಬೆಳೆದವು. ಬೆಳೆಸಿದ್ದು ಜೀವಸತ್ತ್ವವಲ್ಲ, ಗಷ್ಟಿನಲ್ಲಿ ಉಳಿದಿದ್ದ ಔಷಧದ ಅಂಶ. ಒಂದು ಟನ್ ಮೇವಿಗೆ ಕೆಲವೇ ಗ್ರಾಂ ಬೆರಸಿದರೆ ಸಾಕು, ಕೋಳಿ ಬೇಗ ತೂಗುತ್ತದೆ ಎಂಬ ಸುದ್ದಿ 1950ರಲ್ಲಿ ಹೊರಬಿದ್ದು, ಮರುವರ್ಷವೇ ಅಮೆರಿಕ ಸರ್ಕಾರವು ಪಶುವೈದ್ಯರ ಚೀಟಿಯಿಲ್ಲದೆ ಇಂಥ ಮೇವನ್ನು ಮಾರಲು ಸಮ್ಮತಿ ನೀಡಿತು. ಪೆನಿಸಿಲಿನ್ನಿನ ಜನಕನಾದ ಅಲೆಗ್ಸಾಂಡರ್ ಫ್ಲೆಮಿಂಗನು 1945ರ ನೊಬೆಲ್ ಉಪನ್ಯಾಸದಲ್ಲಿ, ಸಾಲದಷ್ಟು ಪ್ರಮಾಣದ ಔಷಧವು ಸೂಕ್ಷ್ಮಾಣುಗಳನ್ನು ಕೊಲ್ಲದೆ ಪಳಗಿಸಿಬಿಡುತ್ತದೆಂದು ಎಚ್ಚರಿಸಿ ಆಗ ಆರು ವರ್ಷವಷ್ಟೇ ಆಗಿತ್ತು. ಆ ಎಚ್ಚರಿಕೆಗೆ ತೀರ ವಿರುದ್ಧವಾದುದೇ ಉದ್ಯಮವೊಂದರ ವಿಧಿಯಾಯಿತೆಂಬುದನ್ನು ನೆನೆದರೆ ಇಂದಿಗೂ ಮನಸ್ಸು ಕುದಿಯುತ್ತದೆ.

ನಮ್ಮ ದೇಶಕ್ಕೆ ಈ ಔಷಧಗಳು ಮೊದಲು ಬಂದದ್ದು ಪ್ರಾಣದಾತೃಗಳಾಗಿ. ಪುಣೆಯ ಹತ್ತಿರದ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸ್ಥಾಪಿತವಾದಾಗ, ಬಡವನ ನ್ಯುಮೋನಿಯಾಕ್ಕೆ ಸ್ವದೇಶದ ಮದ್ದು ಸಿಕ್ಕಿತೆಂದು ಹಿಗ್ಗಿದವರ ಹಿಗ್ಗು ಸಾರ್ಥಕವಾದದ್ದೇ. ಕೋಳಿಯುದ್ಯಮವು ಬೆಳೆದದ್ದು ಆಮೇಲೆ: ಹೈದರಾಬಾದಿನಲ್ಲಿ 1971ರಲ್ಲಿ ಬಿ. ವಿ. ರಾವ್ ಅವರು ಆರಂಭಿಸಿದ ವೆಂಕಟೇಶ್ವರ ಹ್ಯಾಚರೀಸ್, 1982ರ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ, ತೊಂಬತ್ತರ ದಶಕದಲ್ಲಿ ಕೊಯಮತ್ತೂರಿನ ಕಡೆಯಿಂದ ಹಬ್ಬಿದ ಗುತ್ತಿಗೆಯ ಸಾಕಾಣಿಕೆ. ಬೆಂಗಳೂರಿಗಿಂತ ಹೈದರಾಬಾದೇ ಬಹಳ ಸಮೀಪವಾಗಿರುವ, 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಬೀದರವು ಈ ಹೊಸ ವ್ಯವಹಾರದ ಗಾಳಿಗೆ ಸಹಜವಾಗಿಯೇ ತೆರೆದಿತ್ತು. ಹಿಂಡಿಯಾಗಿ ಕೋಳಿಯ ಮೇವಿಗೆ ಸಲ್ಲುವ ಸೋಯಾ ಅವರೆಯೂ ಈ ಜಿಲ್ಲೆಯ ಹೊಲಗಳ ಮುಖ್ಯ ಬೆಳೆಗಳಲ್ಲಿ ಒಂದಾಗಿ ನಿಂತಿತು. ತಿಪ್ಪೆಯ ಕೋಳಿ ತಗಡಿನ ಫಾರಂ ಸೇರಿತು. ಆರು ವಾರದಲ್ಲಿ ಎರಡು ಕಿಲೋ ತೂಗಬೇಕಾದ ಬ್ರಾಯ್ಲರ್ ಮರಿಗಳು ಸಾವಿರಗಟ್ಟಲೆ ಒಂದೇ ನೆಲದ ಮೇಲೆ ನಿಂತವು. ಆ ಒತ್ತಡದಲ್ಲಿ ಒಂದು ಮರಿಯ ಬೇನೆ ಎಲ್ಲವುಗಳ ಬೇನೆ. ಸಾಲ ಮಾಡಿ ಮರಿ ತಂದ ರೈತನು ಹೆದರಿ ಮದ್ದಿನ ಪೊಟ್ಟಣಕ್ಕೆ ಕೈಯಿಟ್ಟರೆ ಅವನನ್ನು ದೂಷಿಸಲು ನನಗೆ ಮನಸ್ಸು ಬರುವುದಿಲ್ಲ. ಅವನ ಕೈಗೆ ಅದನ್ನು ಅಷ್ಟು ಸುಲಭವಾಗಿ ನಿಲುಕಿಸಿದ ವ್ಯವಸ್ಥೆಯೇ ದೋಷಿ.

ಔಷಧದ ಅಲ್ಪಾಂಶವು ಕೋಳಿಯ ಕರುಳಿನಲ್ಲಿ ಸದಾ ಇದ್ದಾಗ ದುರ್ಬಲ ಬ್ಯಾಕ್ಟೀರಿಯಾಗಳು ಅಳಿದು, ತಾಳಬಲ್ಲವು ಮಾತ್ರ ಉಳಿದು ವೃದ್ಧಿಯಾಗುತ್ತವೆ. ಅಷ್ಟೇ ಆಗಿದ್ದರೆ ಕೇಡು ಒಂದು ಜಾತಿಗೆ ಸೀಮಿತವಾಗುತ್ತಿತ್ತು. ಆದರೆ ಆಮಶಂಕೆಯ ರೋಗಾಣುಗಳನ್ನು ಪರೀಕ್ಷಿಸುತ್ತಿದ್ದ ಜಪಾನಿನ ವಿಜ್ಞಾನಿಗಳು 1959ರಲ್ಲಿ ಕಂಡುಕೊಂಡಂತೆ, ಈ ಪ್ರತಿರೋಧಶಕ್ತಿಯನ್ನು ಒಂದು ಬ್ಯಾಕ್ಟೀರಿಯಾ ತೀರ ಬೇರೆ ಜಾತಿಯದಕ್ಕೂ, ಹಲವು ಔಷಧಗಳ ವಿರುದ್ಧ ಒಟ್ಟಿಗೇ, ದಾಟಿಸಬಲ್ಲದು. ಬ್ರಿಟನ್ನಿನ ಸ್ವಾನ್ ಸಮಿತಿಯು 1969ರಲ್ಲಿಯೇ, ಮನುಷ್ಯನ ಚಿಕಿತ್ಸೆಗೆ ಬೇಕಾದ ಔಷಧಗಳನ್ನು ಬೆಳವಣಿಗೆಗಾಗಿ ಮೇವಿಗೆ ಬೆರಸಬಾರದೆಂದಿತು. ಅನುಮಾನಕ್ಕೆ ಎಡೆಯಿಲ್ಲದ ಪ್ರಮಾಣವನ್ನು ಒದಗಿಸಿದವರು ಬಾಸ್ಟನ್ನಿನ ವೈದ್ಯ ಸ್ಟೂವರ್ಟ್ ಲೆವಿ. ಅವರು ಒಂದು ಕುಟುಂಬದ ಹೊಲದಲ್ಲಿ ಕೋಳಿಮರಿಗಳ ಒಂದು ಗುಂಪಿಗೆ ಟೆಟ್ರಾಸೈಕ್ಲಿನ್ ಬೆರೆತ ಮೇವನ್ನೂ ಇನ್ನೊಂದಕ್ಕೆ ಬರಿಯ ಮೇವನ್ನೂ ಹಾಕಿಸಿದರು. ವಾರ ಕಳೆಯುವಷ್ಟರಲ್ಲಿ ಮೊದಲನೆಯ ಗುಂಪಿನ ಕರುಳಿನ ಬ್ಯಾಕ್ಟೀರಿಯಾಗಳು ಬಹುಮಟ್ಟಿಗೆ ಪ್ರತಿರೋಧ ಪಡೆದಿದ್ದವು. ಐದಾರು ತಿಂಗಳಲ್ಲಿ ಅಂಥವೇ, ಆ ಔಷಧವನ್ನು ಮುಟ್ಟಿಯೇ ಇರದ ಮನೆಯವರ ಕರುಳಿನಲ್ಲಿಯೂ ಕಾಣಿಸಿದವು. ಈ ಫಲಿತಾಂಶವು 1976ರಲ್ಲಿ ಪ್ರಕಟವಾಯಿತು. ಸ್ವೀಡನ್ ದೇಶವು ಬೆಳವಣಿಗೆಗಾಗಿ ಮದ್ದು ಬೆರಸುವುದನ್ನು 1986ರಲ್ಲಿ ನಿಲ್ಲಿಸಿತು. ಐರೋಪ್ಯ ಒಕ್ಕೂಟವು 2006ರಲ್ಲಿ.

ಫಾರಮ್ಮಿನಿಂದ ಹೊರಟ ಸೂಕ್ಷ್ಮಾಣುವು ಅಡುಗೆಮನೆ ಸೇರುವ ದಾರಿಯನ್ನು ನಮ್ಮ ಯಾವುದೇ ಊರಿನ ಚಿಕನ್ ಅಂಗಡಿಯ ಮುಂದೆ ನಿಂತು ನೋಡಬಹುದು. ಜಾಲರಿಯ ಪಂಜರದಲ್ಲಿ ಒಂದರ ಮೇಲೊಂದು ಕೋಳಿಗಳು, ಮೇಲಿನದರ ಹಿಕ್ಕೆ ಕೆಳಗಿನದರ ಬೆನ್ನಿಗೆ. ತೂಗಿ, ಕೊಯ್ದು, ಡ್ರಮ್ಮಿಗೆ ಎಸೆದ ಕೋಳಿ ಒದ್ದಾಡಿ ನಿಂತ ಮೇಲೆ, ಹಲವು ಕೋಳಿಗಳು ಮುಳುಗಿ ಕೆಂಪಾದ ಅದೇ ಬಿಸಿನೀರಿನಲ್ಲಿ ಅದ್ದಿ, ರಬ್ಬರು ಬೆರಳುಗಳು ತಿರುಗುವ ಯಂತ್ರದಲ್ಲಿ ಪುಕ್ಕ ಕಳಚಿ, ಕರುಳನ್ನು ಕೈಯಿಂದ ಕಿತ್ತು, ಬೆಳಗಿನಿಂದ ತೊಳೆಯದ ಮರದ ಕೊರಡಿನ ಮೇಲೆ ತುಂಡರಿಸಿ ಕೊಡುತ್ತಾರೆ. ಒಂದು ಕರುಳು ಒಡೆದರೆ ಅದರ ಈ. ಕೋಲಿ, ಸಾಲ್ಮೊನೆಲ್ಲಾಗಳು ಕೊರಡಿನ ಬಿರುಕಿನಲ್ಲಿ ಕುಳಿತು ಸಂಜೆಯವರೆಗೂ ಎಲ್ಲರ ಚೀಲಕ್ಕೂ ಹಂಚಿಹೋಗುತ್ತವೆ. ಚೆನ್ನಾಗಿ ಬೇಯಿಸಿದ ಮಾಂಸದಲ್ಲಿ ಅವು ಬದುಕವು, ನಿಜ. ಆದರೆ ಹಸಿಮಾಂಸ ಮುಟ್ಟಿದ ಕೈಯಿಂದ ಸೌತೆಕಾಯಿ ಹೆಚ್ಚುವ ಮನೆಯಲ್ಲಿ ಬೆಂಕಿಯ ರಕ್ಷಣೆ ಸೌತೆಕಾಯಿಗಿಲ್ಲ.

ಮಾಂಸವನ್ನೇ ಮುಟ್ಟದ ಮನೆಗಳು ಶರಣರ ಈ ನೆಲದಲ್ಲಿ ಬಹಳ. ಅವರೂ ತಾವು ಹೊರಗಿನವರೆಂದು ತಿಳಿಯುವಂತಿಲ್ಲ. ಕೋಳಿಗೊಬ್ಬರವು ಹೊಲಕ್ಕೆ ಹೋಗುತ್ತದೆ. ಪ್ರತಿರೋಧದ ಬ್ಯಾಕ್ಟೀರಿಯಾಗಳೂ ಔಷಧದ ಶೇಷವೂ ಅದರೊಡನೆ ಮಣ್ಣನ್ನು ಸೇರಬಲ್ಲವು. ಬೀದರದ ಪ್ರಸ್ಥಭೂಮಿಯೋ ರಂಧ್ರಮಯವಾದ ಜಂಬುಮಣ್ಣಿನದು. ಮೇಲೆ ಬಿದ್ದ ನೀರು ಇಂಗಿ ಒಳಗೆ ಸಂಚರಿಸುವ ಆ ಗುಣವನ್ನು ನಂಬಿಯೇ ಹಿಂದಿನವರು ನೌಬಾದಿನಲ್ಲಿ ಕರೇಜ್ ಎಂಬ ಸುರಂಗಬಾವಿಗಳ ಸಾಲನ್ನು ತೋಡಿದರು. ನೀರನ್ನು ಇಷ್ಟು ಧಾರಾಳವಾಗಿ ಒಳಗೊಳ್ಳುವ ನೆಲವು ಅದರೊಡನೆ ಬಂದುದನ್ನು ಪೂರ್ತಿ ಸೋಸಿ ಕೊಡುತ್ತದೆಂದು ನಂಬಿ ಕುಳಿತುಕೊಳ್ಳಲಾಗದು.

ಅಂತಿಮ ಅಸ್ತ್ರವೆಂದು ವೈದ್ಯರು ಕಾದಿರಿಸಿಕೊಂಡಿದ್ದ ಕೋಲಿಸ್ಟಿನ್ ಎಂಬ ಆಂಟಿಬಯೋಟಿಕ್ಕಿಗೂ ಮೇವಿಗೆ ಬೆರೆಯುವ ಇದೇ ಗತಿಯಾಯಿತು. ಅದರ ವಿರುದ್ಧದ, ಜಾತಿಯಿಂದ ಜಾತಿಗೆ ದಾಟಬಲ್ಲ ಪ್ರತಿರೋಧದ ಜೀನೊಂದು ಚೀನಾದ ಪ್ರಾಣಿಗಳಲ್ಲಿ, ಮಾಂಸದಲ್ಲಿ, ರೋಗಿಗಳಲ್ಲಿ ಕಂಡುಬಂದುದಾಗಿ 2015ರ ನವೆಂಬರಿನಲ್ಲಿ ವರದಿಯಾಯಿತು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೂ ಅವುಗಳ ಮೇವಿಗೂ ಕೋಲಿಸ್ಟಿನ್ ತಯಾರಿಸಿ ಮಾರುವುದನ್ನು ಭಾರತ ಸರ್ಕಾರವು 2019ರ ಜುಲೈಯಲ್ಲಿ ನಿಷೇಧಿಸಿತು. ಮದ್ದಿಲ್ಲದೆ ಕೋಳಿ ಬೆಳೆಯದೆಂಬ ಮಾತಿಗೆ ಡೆನ್ಮಾರ್ಕಿನ ಬ್ರಾಯ್ಲರ್ ಸಾಕಣೆಗಾರರು ಎಂದೋ ಉತ್ತರ ಕೊಟ್ಟಿದ್ದಾರೆ: 1998ರಲ್ಲಿ ತಾವೇ ಅದನ್ನು ಬಿಟ್ಟ ಮೇಲೆ ಅವರ ಕೋಳಿಗಳ ತೂಕ ಕುಂದಲಿಲ್ಲ, ಮೇವಿನ ಖರ್ಚು ಅತ್ಯಲ್ಪವಾಗಿ ಏರಿತು, ಅಷ್ಟೆ. ಮದ್ದಿನ ಕೆಲಸದ ಬಹುಭಾಗವನ್ನು ಲಸಿಕೆ, ಗಾಳಿ, ಒಣಗಿದ ಹಾಸು, ಒಂದು ತಂಡಕ್ಕೂ ಇನ್ನೊಂದಕ್ಕೂ ನಡುವೆ ಫಾರಮ್ಮನ್ನು ತೊಳೆದು ಖಾಲಿ ಬಿಡುವ ಶಿಸ್ತು ಇವೇ ಮಾಡಬಲ್ಲವು.

ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯವನ್ನು 2004ರ ಕಾಯಿದೆಯಿಂದ ಸ್ಥಾಪಿಸಿ ಬೀದರದಲ್ಲಿಯೇ ನೆಲೆಗೊಳಿಸಿದ್ದಾರೆ. ಈ ಸೌಭಾಗ್ಯವು ಮತ್ತಾವ ಗಡಿಜಿಲ್ಲೆಗೂ ಇಲ್ಲ. ರೋಗದ ಕೋಳಿಯಿಂದ ತೆಗೆದ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಸಿ, ಬೇರೆ ಬೇರೆ ಔಷಧ ಹೀರಿದ ಕಾಗದದ ಬಿಲ್ಲೆಗಳನ್ನು ಅದರ ಮೇಲಿಟ್ಟು, ಮರುದಿನ ಯಾವ ಬಿಲ್ಲೆಯ ಸುತ್ತ ಬರಿದಾದ ವೃತ್ತ ಮೂಡಿದೆಯೆಂದು ನೋಡಿದರೆ ಯಾವ ಮದ್ದು ಫಲಿಸೀತೆಂಬುದು ತಿಳಿಯುತ್ತದೆ. ಭಾರಿ ಯಂತ್ರವನ್ನು ಬೇಡದ ಈ ಪರೀಕ್ಷೆಯು ಔರಾದದ ಫಾರಮ್ಮಿನವನಿಗೂ ಭಾಲ್ಕಿಯ ಫಾರಮ್ಮಿನವನಿಗೂ ತಾಲೂಕಿನ ಪಶು ಆಸ್ಪತ್ರೆಯಲ್ಲಿಯೇ, ಅವನ ಮರಿಗಳು ಸಾಯುವ ಮೊದಲೇ, ದೊರೆಯಬೇಕು. ಮದ್ದು ಮೇವಿನ ಚೀಲವನ್ನು ಬಿಟ್ಟು ವೈದ್ಯನ ಚೀಟಿಗೆ ಮರಳಲು ಇದಕ್ಕಿಂತ ಹತ್ತಿರದ ದಾರಿ ನನಗೆ ಕಾಣದು.