ನಾವು ಓದದೆ ಬಿಡುವ ಎಂಟು ವಚನಗಳು



ಬಾಲಕ ಸಮುವೇಲನ ಕಥೆ ನಮಗೆಲ್ಲ ಗೊತ್ತು. ರಾತ್ರಿ ದೇವರು ಕರೆಯುತ್ತಾರೆ. ಹುಡುಗ ಮೂರು ಸಲ ಯಾಜಕ ಏಲಿಯ ಬಳಿಗೆ ಓಡುತ್ತಾನೆ. ನಾಲ್ಕನೇ ಸಲ, ಏಲಿ ಹೇಳಿಕೊಟ್ಟಂತೆ, ಕೇಳಲು ಸಿದ್ಧನೆಂದು ದೇವರಿಗೇ ಉತ್ತರ ಕೊಡುತ್ತಾನೆ. ಕಥೆಯನ್ನು ನಾವು ಇಲ್ಲಿಗೇ ನಿಲ್ಲಿಸುತ್ತೇವೆ. ‘ಬಿ’ ವರ್ಷದ ಸಾಧಾರಣ ಕಾಲದ ಎರಡನೇ ಭಾನುವಾರದ ಮೊದಲ ವಾಚನವೂ 1 ಸಮುವೇಲ 3ನೇ ಅಧ್ಯಾಯದ 10ನೇ ವಚನದಿಂದ ನೇರವಾಗಿ 19ಕ್ಕೆ ಹೋಗುತ್ತದೆ. ನಡುವಿನ ಎಂಟು ವಚನಗಳಲ್ಲಿ ಏನಿದೆ?

ಇದು ನಡೆದದ್ದು ಶಿಲೋ ಎಂಬ ಊರಿನಲ್ಲಿ, ಜೆರುಸಲೇಮಿನಿಂದ ಉತ್ತರಕ್ಕೆ ಸುಮಾರು 30 ಕಿಲೋಮೀಟರ್ ದೂರದ ಬೆಟ್ಟಸೀಮೆಯಲ್ಲಿ. ಜೆರುಸಲೇಮಿನ ದೇವಾಲಯ ಇನ್ನೂ ಕಟ್ಟಿರಲಿಲ್ಲ. ಒಡಂಬಡಿಕೆಯ ಮಂಜೂಷ ಶಿಲೋವಿನಲ್ಲಿತ್ತು, ಜನ ಬಲಿಯರ್ಪಣೆಗೆ ಅಲ್ಲಿಗೇ ಬರುತ್ತಿದ್ದರು. ಆದರೆ ಏಲಿಯ ಮಕ್ಕಳಾದ ಹೊಫ್ನಿ ಮತ್ತು ಫೀನೆಹಾಸ ಆ ಬಲಿಯ ಮಾಂಸವನ್ನೇ ಕಿತ್ತುಕೊಳ್ಳುತ್ತಿದ್ದರು. ತಂದೆ ಬುದ್ಧಿ ಹೇಳಿದನೇ ಹೊರತು ಅವರನ್ನು ತಡೆಯಲಿಲ್ಲ.

ಆ ರಾತ್ರಿ ಸಮುವೇಲನು ಕೇಳಿದ್ದು ಏಲಿಯ ಮನೆತನದ ಮೇಲೆ ಬರಲಿದ್ದ ದಂಡನೆಯ ಮಾತನ್ನು. ತನ್ನನ್ನು ಸಾಕಿದ ಗುರುವಿಗೇ ಅದನ್ನು ಹೇಳಬೇಕಿತ್ತು. ಆಗ ಅವನಿಗೆ 12 ವರ್ಷವೆಂದು ಮೊದಲನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆಯುತ್ತಾನೆ. ಹುಡುಗ ಬೆಳಗಿನವರೆಗೆ ಮಲಗಿದ್ದು, ಎದ್ದು ಎಂದಿನಂತೆ ದೇವಾಲಯದ ಬಾಗಿಲು ತೆರೆದ. ಹೇಳಲು ಹೆದರಿದ. ಏಲಿ ತಾನೇ ಕರೆದು ಒತ್ತಾಯಿಸಿದಾಗ ಒಂದನ್ನೂ ಮುಚ್ಚಿಡದೆ ಹೇಳಿದ. ಏಲಿಯೂ ಸಿಟ್ಟಾಗದೆ ದೇವರ ಚಿತ್ತಕ್ಕೆ ತಲೆಬಾಗಿದ.

ಹೀಬ್ರೂ ಭಾಷೆಯಲ್ಲಿ ‘ಶಾಮಾ’ ಎಂಬ ಒಂದೇ ಕ್ರಿಯಾಪದಕ್ಕೆ ಕಿವಿಯಿಂದ ಕೇಳುವುದು, ವಿಧೇಯನಾಗುವುದು ಎಂಬ ಎರಡೂ ಅರ್ಥಗಳಿವೆ. ನಮ್ಮ ಕನ್ನಡವೂ ಹಾಗೆಯೇ. “ಹುಡುಗ ಹೇಳಿದ ಮಾತು ಕೇಳುತ್ತಾನೆ” ಎಂದು ಅಮ್ಮಂದಿರು ಹೇಳುವುದು ಅವನ ಕಿವಿ ಚುರುಕಾಗಿದೆ ಎಂದಲ್ಲ. ಸಮುವೇಲನು ರಾತ್ರಿ ಮೊದಲ ಅರ್ಥದಲ್ಲಿ ಕೇಳಿದ, ಬೆಳಿಗ್ಗೆ ಎರಡನೇ ಅರ್ಥದಲ್ಲಿ ಕೇಳಿದ. ಆ ಎಂಟು ವಚನಗಳಿಲ್ಲದೆ ಕೇಳುವಿಕೆ ಅರ್ಧವೇ.

ಇಸ್ರಯೇಲರೋ ದೇವರ ಮಾತಿಗಿಂತ ಮಂಜೂಷವನ್ನೇ ನೆಚ್ಚಿಕೊಂಡರು. ಫಿಲಿಷ್ಟಿಯರ ವಿರುದ್ಧದ ಯುದ್ಧಕ್ಕೆ ಅದನ್ನು ಹೊತ್ತೊಯ್ದು ಸೋತರು. ಏಲಿಯ ಇಬ್ಬರು ಮಕ್ಕಳೂ ಸತ್ತರು, ಮಂಜೂಷ ಶತ್ರುಗಳ ವಶವಾಯಿತು. ಶಿಲೋವಿನ ನೆಲದಲ್ಲಿ ಡೆನ್ಮಾರ್ಕಿನ ತಜ್ಞರು 1926ರಲ್ಲಿ ಉತ್ಖನನ ಆರಂಭಿಸಿದರು. 1981ರಿಂದ ಇಸ್ರಯೇಲಿ ಪುರಾತತ್ವಜ್ಞ ಇಸ್ರಯೇಲ್ ಫಿಂಕಲ್‌ಸ್ಟೈನ್ ಅದನ್ನು ಮುಂದುವರಿಸಿದರು. ಕ್ರಿ.ಪೂ. 11ನೇ ಶತಮಾನದಲ್ಲಿ ಊರು ಸುಟ್ಟುಹೋದ ಗುರುತುಗಳೂ ಧಾನ್ಯ ತುಂಬಿಡುವಂಥ ದೊಡ್ಡ ಹರವಿಗಳೂ ಅಲ್ಲಿ ಸಿಕ್ಕಿವೆ.

ನಾಲ್ಕು ಶತಮಾನಗಳ ನಂತರ ಜನರು ಜೆರುಸಲೇಮಿನ ದೇವಾಲಯವನ್ನೂ ಹಾಗೆಯೇ ನೆಚ್ಚಿಕೊಂಡಿದ್ದಾಗ, ಪ್ರವಾದಿ ಯೆರೆಮೀಯನು ಅವರಿಗೆ ತೋರಿಸಿದ್ದು ಇದೇ ಶಿಲೋವಿನ ಪಾಳನ್ನು. ಅವರು ಕೇಳಲಿಲ್ಲ. ಕ್ರಿ.ಪೂ. 586ರ ಹೊತ್ತಿಗೆ ಆ ದೇವಾಲಯವೂ ಬಿತ್ತು.

ನಾವೂ ಗಾಯನವೃಂದ, ಪೀಠಸೇವೆ, ಯುವಸಂಘ ಎಂದು ದೇವಾಲಯದಲ್ಲೇ ಬೆಳೆದವರು. ಹೊಫ್ನಿ, ಫೀನೆಹಾಸರೂ ಅಲ್ಲೇ ಬೆಳೆದವರು. ಈ ವಾರ ಮನೆಯ ಸಂಜೆ ಪ್ರಾರ್ಥನೆಯಲ್ಲಿ ಆ ಅಧ್ಯಾಯವನ್ನು 11ರಿಂದ 18ರವರೆಗೂ ಓದೋಣ. ಹಿರಿಯರು ಏಲಿಯಂತೆ “ಮುಚ್ಚಿಡಬೇಡ, ಹೇಳು ಮಗು” ಎನ್ನಲಿ. ಕಿರಿಯರಾದ ನಾವು ಗೌರವದಿಂದಲೇ, ಆದರೆ ಪೂರ್ತಿಯಾಗಿ ಹೇಳೋಣ.