ಕುಡಗೋಲು ಕಣ ರೋಗ ಜಾಗೃತಿ ಓಟ

ಕುಡಗೋಲು ಕಣ ರೋಗ ಜಾಗೃತಿ ಓಟವು ಸಿಕಲ್ ಸೆಲ್ ಎಂದೂ ಕರೆಯಲಾಗುವ ಆನುವಂಶಿಕ ರಕ್ತರೋಗ ಹಾಗೂ ಅದರ ದೀರ್ಘಕಾಲಿಕ ನೋವಿನ ಬಗ್ಗೆ ಅರಿವು ಮೂಡಿಸಲು ಮತ್ತು ರೋಗಿಗಳ ನೆರವಿಗೆ ನಿಧಿ ಸಂಗ್ರಹಿಸಲು ನಡೆಸುವ ಸಹಾಯಾರ್ಥ ಓಟ ಅಥವಾ ನಡಿಗೆಯಾಗಿದೆ. ಇಂತಹ ಓಟಗಳು ಹೆಚ್ಚಾಗಿ ವಿಶ್ವ ಕುಡಗೋಲು ಕಣ ದಿನವಾದ ಜೂನ್ 19ರ ಆಸುಪಾಸಿನಲ್ಲಿ ಅಥವಾ ಸೆಪ್ಟೆಂಬರ್ ತಿಂಗಳಲ್ಲಿ ನಡೆಯುತ್ತವೆ.

ಹಿನ್ನೆಲೆ

ಈ ರೋಗದಲ್ಲಿ ಹಿಮೋಗ್ಲೋಬಿನ್‌ನ ವಂಶವಾಹಿ ಬದಲಾಗಿರುತ್ತದೆ. ಆಮ್ಲಜನಕ ಕಡಿಮೆಯಾದಾಗ ಕೆಂಪು ರಕ್ತಕಣಗಳು ಗಡುಸಾಗಿ ಕುಡಗೋಲಿನಂತೆ ಬಾಗುತ್ತವೆ. ಅವು ಸಣ್ಣ ರಕ್ತನಾಳಗಳಲ್ಲಿ ಸಿಲುಕಿ ರಕ್ತದ ಹರಿವನ್ನು ತಡೆದಾಗ ತೀವ್ರ ನೋವು ಉಂಟಾಗುತ್ತದೆ. ಬದಲಾದ ವಂಶವಾಹಿ ತಂದೆ ಮತ್ತು ತಾಯಿ ಇಬ್ಬರಿಂದಲೂ ಬಂದ ಮಗುವಿಗೆ ರೋಗ ಬರುತ್ತದೆ. ಒಬ್ಬರಿಂದ ಮಾತ್ರ ಬಂದರೆ ಮಗು ವಾಹಕವಾಗುತ್ತದೆ. ಷಿಕಾಗೋದ ವೈದ್ಯ ಜೇಮ್ಸ್ ಹೆರಿಕ್ 1910ರಲ್ಲಿ ಇಂತಹ ರಕ್ತಕಣಗಳನ್ನು ಮೊದಲ ಬಾರಿಗೆ ವೈದ್ಯಕೀಯ ಪತ್ರಿಕೆಯಲ್ಲಿ ವರ್ಣಿಸಿದರು.

ವಿಶ್ವಸಂಸ್ಥೆಯ ಮಹಾಸಭೆಯು 2008ರ ಡಿಸೆಂಬರ್ 22ರಂದು ಈ ರೋಗವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದು ಗುರುತಿಸಿ, ಪ್ರತಿವರ್ಷ ಜೂನ್ 19ರಂದು ಜಾಗೃತಿ ಮೂಡಿಸುವಂತೆ ಕರೆ ನೀಡಿತು. ಅಮೆರಿಕದಲ್ಲಿ ಸೆಪ್ಟೆಂಬರ್ ತಿಂಗಳನ್ನು ಕುಡಗೋಲು ಕಣ ರೋಗ ಜಾಗೃತಿ ಮಾಸವಾಗಿಯೂ ನೋವಿನ ಜಾಗೃತಿ ಮಾಸವಾಗಿಯೂ ಆಚರಿಸಲಾಗುತ್ತದೆ.

ನೋವು ಮತ್ತು ಜಾಗೃತಿಯ ಅಗತ್ಯ

ಈ ನೋವಿಗೆ ಗಾಯ, ಬಾವುಗಳಂತಹ ಹೊರಗುರುತು ಬಹುತೇಕ ಇರುವುದಿಲ್ಲ. ಹಾಗಾಗಿ ರೋಗಿಯ ಮಾತನ್ನು ಇತರರು ನಂಬದಿರುವ ಸಂದರ್ಭಗಳು ಹೆಚ್ಚು. ಅಮೆರಿಕದ ವರ್ಜೀನಿಯಾದಲ್ಲಿ 232 ರೋಗಿಗಳು ಬರೆದಿಟ್ಟ ದಿನಚರಿಗಳನ್ನು ಆಧರಿಸಿ 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ದಾಖಲಾದ ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಅವರಿಗೆ ನೋವಿತ್ತು. ಅದರ ಬಹುಪಾಲನ್ನು ಅವರು ಆಸ್ಪತ್ರೆಗೆ ಹೋಗದೆ ಮನೆಯಲ್ಲಿಯೇ ಸಹಿಸಿಕೊಂಡಿದ್ದರು. ತೀವ್ರ ನೋವಿನಿಂದ ಆಸ್ಪತ್ರೆಗೆ ಬಂದ ರೋಗಿಗೆ 30 ನಿಮಿಷಗಳೊಳಗೆ ನೋವು ನಿವಾರಕ ನೀಡಬೇಕೆಂದು ಬ್ರಿಟನ್‌ನ 2012ರ ಮಾರ್ಗಸೂಚಿ ಹೇಳುತ್ತದೆ. ಆದರೂ ಅನೇಕರಿಗೆ ಸಕಾಲದಲ್ಲಿ ಚಿಕಿತ್ಸೆ ದೊರೆಯುತ್ತಿಲ್ಲವೆಂದು ಅಲ್ಲಿನ ಸಂಸತ್ತಿನ ಸರ್ವಪಕ್ಷ ಗುಂಪು 2021ರಲ್ಲಿ ವರದಿ ಮಾಡಿತು.

ಓಟದ ಸ್ವರೂಪ

ದೇಹದಲ್ಲಿ ನೀರಿನಂಶ ಕಡಿಮೆಯಾಗುವುದು, ಅತಿಯಾದ ದಣಿವು, ಚಳಿ ಮುಂತಾದವು ನೋವನ್ನು ಕೆರಳಿಸಬಲ್ಲವು. ಆದ್ದರಿಂದ ರೋಗಿಗಳಿಗೆ ದೀರ್ಘ ದೂರದ ಓಟ ಅಪಾಯಕಾರಿಯಾಗಬಹುದು. ಯಾರಿಗಾಗಿ ಓಟ ನಡೆಯುತ್ತದೆಯೋ ಅವರಲ್ಲಿ ಅನೇಕರು ಓಡಲಾರರು. ಅವರ ಪರವಾಗಿ ಬಂಧುಗಳು, ಸ್ನೇಹಿತರು ಹಾಗೂ ವೈದ್ಯಕೀಯ ಸಿಬ್ಬಂದಿ ಓಡುತ್ತಾರೆ. ರೋಗಿಗಳೂ ಭಾಗವಹಿಸಲೆಂದು ಓಟದ ಬದಲು ನಡಿಗೆಯನ್ನು ಏರ್ಪಡಿಸುವುದೂ ಉಂಟು. ಓಟಗಾರರು ಪರಿಚಿತರಿಂದ ದೇಣಿಗೆ ಸಂಗ್ರಹಿಸುತ್ತಾರೆ. ಬ್ರಿಟನ್‌ನಲ್ಲಿ 1979ರಲ್ಲಿ ಸ್ಥಾಪನೆಯಾದ ಸಿಕಲ್ ಸೆಲ್ ಸೊಸೈಟಿಗಾಗಿ ಲಂಡನ್ ಮ್ಯಾರಥಾನ್‌ನಲ್ಲಿ ಓಡುವವರು ಇದೇ ಕ್ರಮವನ್ನು ಅನುಸರಿಸುತ್ತಾರೆ.

ವಾಹಕರು ಸಾಮಾನ್ಯವಾಗಿ ಆರೋಗ್ಯವಂತರಾಗಿದ್ದು, ಓಟದಲ್ಲಿ ಪಾಲ್ಗೊಳ್ಳಬಹುದು. ಆದರೆ ವಿಪರೀತ ಶ್ರಮದಿಂದ ಅವರಿಗೂ ಅಪರೂಪಕ್ಕೆ ಪ್ರಾಣಾಪಾಯ ಒದಗಿದ್ದುಂಟು. 2006ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರನೊಬ್ಬ ಅಭ್ಯಾಸದ ನಂತರ ಮೃತಪಟ್ಟನು. ಆ ಬಳಿಕ 2010ರಿಂದ ಅಲ್ಲಿನ ಉನ್ನತ ಶ್ರೇಣಿಯ ಕಾಲೇಜು ಕ್ರೀಡೆಗಳಲ್ಲಿ ವಾಹಕತೆಯ ಪರೀಕ್ಷೆ ಜಾರಿಗೆ ಬಂದಿತು. ನಿಧಾನವಾಗಿ ವೇಗ ಹೆಚ್ಚಿಸುವುದು, ಸಾಕಷ್ಟು ನೀರು ಕುಡಿಯುವುದು ಮತ್ತು ಅಸ್ವಸ್ಥತೆ ಕಂಡೊಡನೆ ನಿಲ್ಲುವುದು ಮುಖ್ಯ ಮುನ್ನೆಚ್ಚರಿಕೆಗಳು.

ಭಾರತದಲ್ಲಿ

ಭಾರತದಲ್ಲಿ ಕುಡಗೋಲು ಕಣವನ್ನು 1952ರಲ್ಲಿ ನೀಲಗಿರಿಯ ಬುಡಕಟ್ಟು ಜನರಲ್ಲಿ ಮೊದಲು ಗುರುತಿಸಲಾಯಿತು. ಕರ್ನಾಟಕದಲ್ಲಿ ಸೋಲಿಗ, ಜೇನುಕುರುಬ ಮೊದಲಾದ ಸಮುದಾಯಗಳಲ್ಲಿ ಇದು ಕಂಡುಬಂದಿದೆ. ಕೇಂದ್ರ ಸರ್ಕಾರವು 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ಅನೀಮಿಯಾ ನಿರ್ಮೂಲನಾ ಅಭಿಯಾನಕ್ಕೆ ಚಾಲನೆ ನೀಡಿತು. ಬಾಧಿತ ಪ್ರದೇಶಗಳ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ ಹಾಗೂ 2047ರ ವೇಳೆಗೆ ರೋಗದ ನಿರ್ಮೂಲನೆ ಇದರ ಗುರಿಗಳಾಗಿದ್ದು, ಕರ್ನಾಟಕವೂ ಇದರ ವ್ಯಾಪ್ತಿಯಲ್ಲಿದೆ. ವಾಹಕರು ಮೇಲ್ನೋಟಕ್ಕೆ ಆರೋಗ್ಯವಂತರಾಗಿರುವುದರಿಂದ ರಕ್ತಪರೀಕ್ಷೆಯಿಲ್ಲದೆ ಅವರನ್ನು ಗುರುತಿಸಲಾಗದು. ಇಬ್ಬರು ವಾಹಕರು ವಿವಾಹವಾದರೆ ಪ್ರತಿ ಗರ್ಭಧಾರಣೆಯಲ್ಲಿಯೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದಿರುತ್ತದೆ. ಆದ್ದರಿಂದ ವಿವಾಹಪೂರ್ವ ರಕ್ತಪರೀಕ್ಷೆ ಮತ್ತು ಆಪ್ತಸಲಹೆಯ ಮಹತ್ವವನ್ನು ತಿಳಿಸುವುದು ಇಲ್ಲಿನ ಜಾಗೃತಿ ಕಾರ್ಯದ ಮುಖ್ಯ ಭಾಗವಾಗಿದೆ.